ಮೆಟ್ಟಿಲ ಮುಂದೆ ನಿಂತ ಗಾಲಿ

ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಹೆಸರು ಮೈಸೂರು ಸಂಸ್ಥಾನದ ಚರಿತ್ರೆಯ ಮೊದಲ ಪುಟದಲ್ಲೇ ಬರುತ್ತದೆ. ದ್ವಾರಕೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಸೋದರರು ಹದಿನಾಡಿನ ಪಾಳೆಯಗಾರನ ಮನೆತನವನ್ನು ಕಾರುಗಹಳ್ಳಿಯ ಮಾರನಾಯಕನಿಂದ ಪಾರುಮಾಡಿದರು, 1399ರಲ್ಲಿ ಒಡೆಯರ ವಂಶಕ್ಕೆ ಅಡಿಪಾಯ ಬಿದ್ದದ್ದು ಹೀಗೆ ಎಂಬುದು ಪರಂಪರೆಯಿಂದ ಬಂದ ಕಥೆ. ಆ ಹದಿನಾಡೇ ಇಂದಿನ ಹದಿನಾರು ಎನ್ನುತ್ತಾರೆ. ಇತ್ತೀಚಿನ ದಶಕಗಳಲ್ಲಿ ಈ ಊರು ಇನ್ನೊಂದು ಕಾರಣಕ್ಕೂ ಹೆಸರಾಗಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಪಕ್ಷಿಪ್ರಿಯರು ಇಲ್ಲಿನ ಕೆರೆಗೆ ಬರುತ್ತಾರೆ.

ಹದಿನಾರಿನಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳಬಹುದಾದ ತಾಣಗಳಿಗೆ ಬರವಿಲ್ಲ. ಒಂದು ಕಡೆ ನಂಜನಗೂಡಿನ ಶ್ರೀಕಂಠೇಶ್ವರ, ಇನ್ನೊಂದು ಕಡೆ ತಿರುಮಕೂಡಲು ನರಸೀಪುರದ ಸಂಗಮ, ಅಲ್ಲಿಂದ ಮುಂದೆ ಸೋಮನಾಥಪುರ, ತಲಕಾಡು. ಮೈಸೂರಿಗೆ ಹೋದರೆ ಅರಮನೆ, ಮೃಗಾಲಯ, ದಸರೆಯ ಹೊತ್ತಿಗೆ ವಸ್ತುಪ್ರದರ್ಶನ, ಕನ್ನಂಬಾಡಿಯ ಬೃಂದಾವನ. ಮಕ್ಕಳ ಹಟ ಹೆಚ್ಚಾದರೆ ಮೇಟಗಳ್ಳಿಯ ಫ್ಯಾಂಟಸಿ ಪಾರ್ಕ್. ಕೈಯಲ್ಲಿ ಕಾಸಿದ್ದರೆ ಬಿಡದಿಯ ವಂಡರ್‌ಲಾ.

ಆದರೆ ಮನೆಯಲ್ಲಿ ಗಾಲಿಕುರ್ಚಿ ಬಳಸುವ ಒಬ್ಬರಿದ್ದರೆ ಈ ಪಟ್ಟಿಯ ಮುಂದೆ ಬೇರೆಯೇ ಲೆಕ್ಕ ಶುರುವಾಗುತ್ತದೆ. ಬಸ್ಸಿಗೆ ಹತ್ತಿಸುವವರು ಯಾರು? ಬಾಗಿಲಲ್ಲಿ ಎಷ್ಟು ಮೆಟ್ಟಿಲು? ಶೌಚಾಲಯದೊಳಗೆ ಕುರ್ಚಿ ಹೋಗುತ್ತದೆಯೇ? ಮಗಳು ದೊಡ್ಡವಳಾಗಿದ್ದರೆ ಅಪ್ಪ ಎಲ್ಲರೆದುರು ಎಷ್ಟು ಸಲ ಎತ್ತಿಕೊಳ್ಳಬೇಕು? ಬಹುಪಾಲು ಮನೆಗಳಲ್ಲಿ ಈ ಲೆಕ್ಕ ಎರಡರಲ್ಲಿ ಒಂದು ಉತ್ತರಕ್ಕೆ ಬಂದು ನಿಲ್ಲುತ್ತದೆ. ಒಂದೋ ಗಾಲಿಕುರ್ಚಿಯವರೂ ಅವರ ಜೊತೆಗೆ ಅಮ್ಮನೋ ಅಜ್ಜಿಯೋ ಮನೆಯಲ್ಲಿ ಉಳಿಯುತ್ತಾರೆ, ಇಲ್ಲವೇ ಯಾರೂ ಹೋಗುವುದಿಲ್ಲ. ಗೇಟಿನ ಮುಂದಿನ ಮೆಟ್ಟಿಲು ಒಬ್ಬರನ್ನು ತಡೆದಂತೆ ಕಂಡರೂ ಅದು ಹಿಂದಕ್ಕೆ ಕಳಿಸುವುದು ಒಂದಿಡೀ ಕುಟುಂಬವನ್ನು. ಈ ಮೆಟ್ಟಿಲು ಎಲ್ಲಿಂದ ಬಂತು, ಅದನ್ನು ತೆಗೆಯುವ ಯೋಚನೆ ಯಾವಾಗ ಹುಟ್ಟಿತು ಎಂಬುದಕ್ಕೂ ಒಂದು ಇತಿಹಾಸವಿದೆ.

ಬೀದಿಗೆ ಬರುವ ದೇವರು

ಮೋಜಿನ ಉದ್ಯಾನಗಳು ಬರುವ ಮೊದಲು ಹಳ್ಳಿಯ ಕುಟುಂಬಕ್ಕೆ ಪ್ರವಾಸವೆಂದರೆ ಜಾತ್ರೆ. ಬೆಂಡು ಬತ್ತಾಸು, ಬಳೆ ಅಂಗಡಿ, ತಿರುಗುವ ತೊಟ್ಟಿಲು, ನಾಟಕ, ನೆಂಟರಿಷ್ಟರ ಭೇಟಿ ಎಲ್ಲವೂ ಅಲ್ಲಿಯೇ. ನಂಜನಗೂಡಿನ ಜಾತ್ರೆಗೆ ಇನ್ನೊಂದು ವಿಶೇಷವೂ ಇತ್ತು. ನಂಜುಂಡೇಶ್ವರ ರೋಗ ವಾಸಿಮಾಡುವ ದೇವರೆಂದೇ ಪ್ರಸಿದ್ಧ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇಲ್ಲಿಯ ಹರಕೆಯಿಂದ ಗುಣವಾಯಿತೆಂದೂ, ಆತ ದೇವರನ್ನು ‘ಹಕೀಮ ನಂಜುಂಡ’ ಎಂದು ಕರೆದನೆಂದೂ ಐತಿಹ್ಯವಿದೆ. ಹೀಗಾಗಿ ಕಾಯಿಲೆಯವರು, ಕೈಕಾಲು ಸ್ವಾಧೀನವಿಲ್ಲದವರು ಇಲ್ಲಿಗೆ ಬರುವುದು ಹೊಸದಲ್ಲ. ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಬಂದವರುಂಟು, ಹೆಗಲ ಮೇಲೆ ಹೊತ್ತು ತಂದವರುಂಟು.

ರಥೋತ್ಸವದ ಹಿಂದಿರುವ ಕಲ್ಪನೆಯನ್ನು ಇಲ್ಲಿ ನೆನೆಯಬೇಕು. ಗರ್ಭಗುಡಿಯ ಮೂಲವಿಗ್ರಹ ಅಲುಗುವುದಿಲ್ಲ. ಉತ್ಸವಮೂರ್ತಿ ಮಾತ್ರ ಹೊರಗೆ ಬರುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಬೀದಿಯಲ್ಲಿ ಉರುಳುತ್ತವೆ. ಹೊಸ್ತಿಲು ದಾಟಲಾಗದವರಿಗೆ, ಮೆಟ್ಟಿಲು ಹತ್ತಲಾಗದವರಿಗೆ, ಜನಜಂಗುಳಿಯಲ್ಲಿ ಒಳಗೆ ನುಗ್ಗಲಾಗದವರಿಗೆ ದೇವರೇ ಗಾಲಿಗಳ ಮೇಲೆ ಕುಳಿತು ಎದುರಿಗೆ ಬರುತ್ತಾನೆ. ಜನ ಬರಲಾರದ ಕಡೆ ದೇವರೇ ಬರಲಿ ಎಂಬ ಈ ಉಪಾಯ ನಮ್ಮ ನೆಲಕ್ಕೆ ಪರಕೀಯವೇನಲ್ಲ.

ಹಾಗೆಂದು ಹಳೆಯ ಕಾಲವನ್ನು ಹೊಗಳುತ್ತ ಕೂರುವಂತಿಲ್ಲ. ಎಲ್ಲರಿಗೂ ದೇವಸ್ಥಾನದ ಬಾಗಿಲು ತೆರೆದಿರಲಿಲ್ಲ. ಹೊತ್ತು ತರುವವರಿದ್ದರೆ ಮಾತ್ರ ಅಂಗವಿಕಲರಿಗೆ ಜಾತ್ರೆ. ಇಲ್ಲದಿದ್ದರೆ ಹಟ್ಟಿಯ ಮೂಲೆ. ಸಂಗಮದ ಸೋಪಾನವಿರಲಿ, ಮನೆಮುಂದಿನ ಜಗಲಿಯಿರಲಿ, ಎಲ್ಲವನ್ನೂ ಕಟ್ಟಿದ್ದು ಗಟ್ಟಿ ಕಾಲುಳ್ಳವರನ್ನು ಮನಸ್ಸಿನಲ್ಲಿಟ್ಟುಕೊಂಡೇ. ತಿ. ನರಸೀಪುರದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುತ್ತ ಬಂದಿದೆ. ನೀರಿಗಿಳಿಯುವ ಕೊನೆಯ ಮೆಟ್ಟಿಲವರೆಗೆ ಗಾಲಿಕುರ್ಚಿಯನ್ನು ಹೇಗೆ ಒಯ್ಯುವುದೆಂಬ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ.

ಮಡಚುವ ಕುರ್ಚಿಯ ಕಥೆ

ಗಾಲಿಕುರ್ಚಿಯ ಚರಿತ್ರೆ ಅರಮನೆಯಲ್ಲಿ ಆರಂಭವಾಗುತ್ತದೆ. ಸ್ಪೇನಿನ ದೊರೆ ಎರಡನೆಯ ಫಿಲಿಪ್‌ಗೆ 1595ರ ಸುಮಾರಿನಲ್ಲಿ ಸಣ್ಣ ಗಾಲಿಗಳ ಕುರ್ಚಿಯೊಂದನ್ನು ಮಾಡಿಕೊಟ್ಟಿದ್ದರು. ಅದನ್ನು ತಳ್ಳಲು ಸೇವಕರು ಬೇಕಾಗಿತ್ತು. ಜರ್ಮನಿಯ ಗಡಿಯಾರ ಕುಶಲಕರ್ಮಿ ಸ್ಟೀಫನ್ ಫಾರ್ಫ್ಲರ್ ಸ್ವತಃ ಕಾಲಿನ ಬಲ ಕಳೆದುಕೊಂಡವನು. 1655ರಲ್ಲಿ ಆತ ಕೈಯಿಂದ ತಿರುಗಿಸಿ ತಾನೇ ಓಡಿಸಬಹುದಾದ ಮೂರು ಗಾಲಿಯ ಬಂಡಿಯನ್ನು ಮಾಡಿಕೊಂಡ. ಇನ್ನೊಬ್ಬರು ತಳ್ಳುವ ಕುರ್ಚಿ, ತಾನೇ ನಡೆಸುವ ಕುರ್ಚಿ ಎಂಬ ವ್ಯತ್ಯಾಸ ಅಂದಿನಿಂದ ಇಂದಿನವರೆಗೂ ಉಳಿದಿದೆ.

ಇವತ್ತು ಆಸ್ಪತ್ರೆ, ರೈಲು ನಿಲ್ದಾಣಗಳಲ್ಲಿ ಕಾಣುವ ಮಡಚುವ ಗಾಲಿಕುರ್ಚಿ ಬಂದದ್ದು 1930ರ ದಶಕದ ಆರಂಭದಲ್ಲಿ. ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡಿದ್ದರು. ಆಗಿನ ಭಾರದ ಕುರ್ಚಿಗಳನ್ನು ಮೋಟಾರು ಕಾರಿನಲ್ಲಿ ಇಡಲಾಗುತ್ತಿರಲಿಲ್ಲ. ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ ಉಕ್ಕಿನ ಕೊಳವೆಗಳನ್ನು ಕತ್ತರಿಯಾಕಾರದಲ್ಲಿ ಜೋಡಿಸಿ ಮಡಚುವ ಕುರ್ಚಿ ತಯಾರಿಸಿದರು. ಮನೆಯೊಳಗಿನ ಸಾಧನವಾಗಿದ್ದ ಗಾಲಿಕುರ್ಚಿ ಪ್ರವಾಸದ ಸಾಧನವಾದದ್ದು ಆಗ. ಎರಡನೆಯ ಮಹಾಯುದ್ಧದ ಬಳಿಕ ಕೆನಡಾದ ಜಾರ್ಜ್ ಕ್ಲೈನ್, ಗಾಯಗೊಂಡ ಯೋಧರಿಗಾಗಿ ವಿದ್ಯುತ್‌ಚಾಲಿತ ಕುರ್ಚಿಯನ್ನು ರೂಪಿಸಿದರು. ಭಾರತದಲ್ಲಿ ಇಂಥ ಸಲಕರಣೆಗಳ ತಯಾರಿಕೆಗೆಂದು ಕೇಂದ್ರ ಸರ್ಕಾರ ಕಾನ್ಪುರದಲ್ಲಿ ಅಲಿಮ್ಕೊ ನಿಗಮವನ್ನು ಸ್ಥಾಪಿಸಿದ್ದು 1972ರಲ್ಲಿ.

ಪೋಲಿಯೊ ಹೋದ ಮೇಲೆ ಗಾಲಿಕುರ್ಚಿಯ ಅಗತ್ಯವೂ ಕಡಿಮೆಯಾಗುತ್ತದೆಂದು ಭಾವಿಸುವವರಿದ್ದಾರೆ. ದೇಶದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತವೆಂಬ ಘೋಷಣೆಯೂ ಆಯಿತು. ಆದರೆ ರಸ್ತೆ ಅಪಘಾತ, ತೆಂಗಿನ ಮರದಿಂದ ಬಿದ್ದು ಆಗುವ ಬೆನ್ನುಹುರಿಯ ಪೆಟ್ಟು, ಹುಟ್ಟಿನಿಂದ ಬರುವ ಮೆದುಳಿನ ಪಾರ್ಶ್ವವಾಯು, ಮುಪ್ಪು ಇವು ಎಲ್ಲಿಗೂ ಹೋಗಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ದೇಶದಲ್ಲಿ ಚಲನೆಯ ತೊಂದರೆ ಇದ್ದವರೇ ಸುಮಾರು 54 ಲಕ್ಷ.

ಮಜಲು ಮಜಲಾದ ಚೆಲುವು

ಜಾತ್ರೆಯಿಂದ ಉದ್ಯಾನದ ಕಡೆಗಿನ ದಾರಿಯನ್ನು ತೆರೆದವರು ಮೈಸೂರಿನ ಅರಸರೇ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1880ರಲ್ಲಿ, ದಸರಾ ವಸ್ತುಪ್ರದರ್ಶನ ಆರಂಭವಾಯಿತು. 1892ರಲ್ಲಿ ಅರಮನೆಯ ಮೃಗಾಲಯ ಸಣ್ಣದಾಗಿ ಹುಟ್ಟಿಕೊಂಡಿತು. 1909ರಲ್ಲಿ ಅದಕ್ಕೆ ಚಾಮರಾಜೇಂದ್ರರ ಹೆಸರಿಟ್ಟರು. ಮೃಗಾಲಯದ ಹಾದಿ ಉದ್ದವಾದರೂ ನೆಲಕ್ಕೇ ಹೊಂದಿಕೊಂಡು ಸಾಗುವುದರಿಂದ ಗಾಲಿಗೆ ಅಷ್ಟು ವಿರೋಧಿಯಲ್ಲ. ಈಗ ಬ್ಯಾಟರಿ ವಾಹನಗಳೂ ಓಡಾಡುತ್ತವೆ.

ಕನ್ನಂಬಾಡಿಯ ಉದ್ಯಾನದ ಕಥೆ ಬೇರೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ 1927ರಲ್ಲಿ ಕೆಲಸ ಆರಂಭವಾಗಿ 1932ರಲ್ಲಿ ಮುಗಿಯಿತು. ಕಾಶ್ಮೀರದ ಶಾಲಿಮಾರ್ ಮಾದರಿಯ ಮೊಗಲ್ ತೋಟ ಅವರ ಮನಸ್ಸಿನಲ್ಲಿತ್ತು. ತೋಟ ಮಜಲು ಮಜಲಾಗಿ ಇಳಿಯಬೇಕು, ನೀರು ಒಂದು ಹಂತದಿಂದ ಇನ್ನೊಂದಕ್ಕೆ ಧುಮುಕಬೇಕು. ಅದರ ಸೊಗಸೇ ಅಲ್ಲಿದೆ. ನೀರಿಗೆ ಇಳಿಯಲು ಕಾಲುವೆ, ಜನರಿಗೆ ಇಳಿಯಲು ಮೆಟ್ಟಿಲು. ಸಂಜೆ ದೀಪ ಹತ್ತಿ ಕಾರಂಜಿಗಳು ಬಣ್ಣ ಬದಲಿಸುವ ನೋಟಕ್ಕೆ ಮೂರು ತಲೆಮಾರಿನ ಕನ್ನಡಿಗರು ಬೆರಗಾಗಿದ್ದಾರೆ. ಅಮೆರಿಕದಲ್ಲಿ ಗಾಲಿಕುರ್ಚಿ ಮಡಚಿಕೊಂಡು ಕಾರು ಹತ್ತಿದ್ದೂ, ನಮ್ಮಲ್ಲಿ ಬೃಂದಾವನದ ಮೆಟ್ಟಿಲುಗಳು ಸಿದ್ಧವಾದದ್ದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ! ಅಂದು ಯಾರ ಮನಸ್ಸಿನಲ್ಲೂ ಕೆಡುಕಿರಲಿಲ್ಲ. ಉದ್ಯಾನಕ್ಕೆ ಬರುವವರ ಚಿತ್ರವನ್ನು ಮನಸ್ಸಿನಲ್ಲಿ ಬರೆದುಕೊಂಡಾಗ ಆ ಚಿತ್ರದಲ್ಲಿ ಗಾಲಿಕುರ್ಚಿ ಇರಲಿಲ್ಲ, ಅಷ್ಟೇ.

ತಿರುಗುವ ಯಂತ್ರದ ಮುಂದೆ

ಒಂದು ಕಥಾಲೋಕವನ್ನೇ ಕಟ್ಟಿ ಅದರೊಳಗೆ ಕುಟುಂಬವನ್ನು ಇಡೀ ದಿನ ಸುತ್ತಿಸುವ ‘ಥೀಮ್ ಪಾರ್ಕ್’ ಜನಪ್ರಿಯವಾದದ್ದು 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ. ಭಾರತಕ್ಕೆ ಈ ಗಾಳಿ ಬೀಸಿದ್ದು 1984ರಲ್ಲಿ, ದೆಹಲಿಯ ಅಪ್ಪು ಘರ್ ಮೂಲಕ. 1982ರ ಏಷ್ಯನ್ ಕ್ರೀಡಾಕೂಟದ ಆನೆಮರಿ ಅಪ್ಪುವಿನ ಹೆಸರನ್ನೇ ಅದಕ್ಕಿಟ್ಟಿದ್ದರು; 2008ರಲ್ಲಿ ಅದು ಮುಚ್ಚಿತು. 1989ರಲ್ಲಿ ಮುಂಬಯಿಯ ಎಸ್ಸೆಲ್ ವರ್ಲ್ಡ್ ಬಂತು, 2005ರಲ್ಲಿ ಬಿಡದಿ ಬಳಿ ವಂಡರ್‌ಲಾ ಬಂತು.

ಇಂಥ ಉದ್ಯಾನದಲ್ಲಿ ಗಾಲಿಕುರ್ಚಿಯ ಮುಂದೆ ನಾಲ್ಕು ತಡೆಗಳಿರುತ್ತವೆ. ಮೊದಲನೆಯದು ಗೇಟಿನಿಂದ ಆಟದ ಯಂತ್ರದವರೆಗಿನ ಹಾದಿ. ಎರಡನೆಯದು ಸರದಿಯ ಸಾಲು. ಕಂಬಿಗಳ ನಡುವಿನ ಇಕ್ಕಟ್ಟಿನಲ್ಲಿ ಕುರ್ಚಿ ತಿರುಗುವುದಿಲ್ಲ. ಮೂರನೆಯದು ಕುರ್ಚಿಯಿಂದ ಆಸನಕ್ಕೆ ದಾಟುವುದು. ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಯಂತ್ರ ಮೇಲೇರಿದಾಗ ಕೆಟ್ಟು ನಿಂತರೆ ಕಿರಿದಾದ ಏಣಿಯಲ್ಲಿ ಇಳಿಯಬೇಕು, ಇಳಿಯಲಾಗದವರ ಗತಿಯೇನು?

ಈ ಕೊನೆಯ ಪ್ರಶ್ನೆಗೆ ಡಿಸ್ನಿಲ್ಯಾಂಡಿನಲ್ಲೇ ಒಂದು ಉದಾಹರಣೆ ಸಿಗುತ್ತದೆ. ಅಲ್ಲಿನ ಪ್ರಸಿದ್ಧ ದೋಣಿವಿಹಾರವೊಂದರಲ್ಲಿ ಗಾಲಿಕುರ್ಚಿ ಸಮೇತ ಹತ್ತಬಹುದಾದ ದೋಣಿ ಇದೆ. 2009ರಲ್ಲಿ ಆ ವಿಹಾರ ಕೆಟ್ಟು ನಿಂತಿತು. ಉಳಿದವರನ್ನೆಲ್ಲ ಇಳಿಸಿದರು, ಗಾಲಿಕುರ್ಚಿಯಲ್ಲಿದ್ದ ಒಬ್ಬರು ಮಾತ್ರ ಸುಮಾರು ಅರ್ಧ ಗಂಟೆ ಅಲ್ಲೇ ಉಳಿಯಬೇಕಾಯಿತು. ಪ್ರಕರಣ ನ್ಯಾಯಾಲಯಕ್ಕೆ ಹೋಗಿ, 2013ರಲ್ಲಿ ಅವರಿಗೆ 8,000 ಡಾಲರ್ ಪರಿಹಾರ ಸಿಕ್ಕಿತು. ಹತ್ತಿಸುವ ವ್ಯವಸ್ಥೆ ಮಾಡಿದವರು ಇಳಿಸುವುದನ್ನೂ ಯೋಚಿಸಿರಬೇಕು ಎಂಬುದು ಇದರ ಪಾಠ.

ಸರದಿಯ ವಿಷಯದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅಂಗವಿಕಲರಿಗೂ ಅವರ ಕುಟುಂಬಕ್ಕೂ ಸಾಲಿನಲ್ಲಿ ಕಾಯದೆ ಹೋಗುವ ಸೌಲಭ್ಯ ಅಲ್ಲಿತ್ತು. ಕೆಲವು ಶ್ರೀಮಂತರು ಹಣ ತೆತ್ತು ಗಾಲಿಕುರ್ಚಿಯವರನ್ನು ಮನೆಮಂದಿಯಂತೆ ಜೊತೆಗೆ ಕರೆದೊಯ್ದು ಸಾಲು ತಪ್ಪಿಸುತ್ತಿದ್ದಾರೆಂಬ ವರದಿಗಳು 2013ರಲ್ಲಿ ಬಂದವು. ಅದೇ ವರ್ಷ ಸಂಸ್ಥೆ ನಿಯಮ ಬದಲಿಸಿತು. ಕಷ್ಟಕ್ಕೆ ಕೊಟ್ಟ ರಿಯಾಯಿತಿ ಸುಖಕ್ಕೆ ಬಳಕೆಯಾದಾಗ ಪೆಟ್ಟು ಬಿದ್ದದ್ದು ನಿಜವಾಗಿ ಅಗತ್ಯವಿದ್ದವರಿಗೆ.

ಎಲ್ಲ ನಿರಾಕರಣೆಯೂ ತಾರತಮ್ಯವಲ್ಲ ಎಂಬುದನ್ನು ಒಪ್ಪಬೇಕು. ತಲೆಕೆಳಗಾಗಿ ಸುತ್ತುವ ಯಂತ್ರದಲ್ಲಿ ಕುತ್ತಿಗೆ, ಬೆನ್ನಿನ ಹಿಡಿತವಿಲ್ಲದವರಿಗೆ ಅಪಾಯವಿದೆ. ಆದರೆ ಯಾವ ಆಟಕ್ಕೆ ದೇಹದ ಯಾವ ಶಕ್ತಿ ಬೇಕು ಎಂದು ಒಂದೊಂದಕ್ಕೂ ಬರೆದು ಹಾಕುವುದು ಬೇರೆ, ಗಾಲಿಕುರ್ಚಿ ಕಂಡೊಡನೆ ‘ನಿಮಗಲ್ಲ’ ಎನ್ನುವುದು ಬೇರೆ. ಪುಟಾಣಿ ರೈಲಿಗೂ ಸುತ್ತುಕುದುರೆಗೂ ಒಂದೇ ನಿಯಮ ಹಾಕಿದರೆ ಅದನ್ನು ಸುರಕ್ಷತೆ ಎನ್ನಲಾಗದು. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯಡಿ ಬಂದ 2010ರ ಮಾನದಂಡಗಳು, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೊಸದಾಗಿ ಹಾಕುವ ಆಟದ ಯಂತ್ರಗಳಲ್ಲಿ ಗಾಲಿಕುರ್ಚಿಗೆ ಜಾಗವನ್ನೋ ಆಸನಕ್ಕೆ ದಾಟುವ ಅನುಕೂಲವನ್ನೋ ಕಡ್ಡಾಯ ಮಾಡಿದವು.

ಇದಕ್ಕೂ ಮುಂದೆ ಹೋದ ಉದ್ಯಾನವೊಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿದೆ. ಗಾರ್ಡನ್ ಹಾರ್ಟ್‌ಮನ್ ಎಂಬ ಗೃಹ ನಿರ್ಮಾಣ ಉದ್ಯಮಿಯ ಮಗಳು ಈಜುಕೊಳದಲ್ಲಿ ಬೇರೆ ಮಕ್ಕಳ ಜೊತೆ ಆಡಲು ಹೋದಾಗ ಆ ಮಕ್ಕಳು ಅಲ್ಲಿಂದ ಎದ್ದು ಹೋದರಂತೆ. ಆ ನೋವಿನಿಂದ ಹುಟ್ಟಿದ್ದು, ಮಗಳ ಹೆಸರನ್ನೇ ಹೊತ್ತ ‘ಮಾರ್ಗನ್ಸ್ ವಂಡರ್‌ಲ್ಯಾಂಡ್’. 2010ರಲ್ಲಿ ಹಳೆಯ ಕಲ್ಲುಗಣಿಯ ಜಾಗದಲ್ಲಿ 25 ಎಕರೆಯಲ್ಲಿ ಅದು ತೆರೆಯಿತು. ಅಲ್ಲಿಯ ಸುತ್ತುಕುದುರೆಯಲ್ಲಿ ಕುದುರೆಗಳ ಜೊತೆಗೆ ಗಾಲಿಕುರ್ಚಿಯೂ ಏರಿಳಿಯುತ್ತದೆ. ಗಾಲಿಕುರ್ಚಿ ಸಮೇತ ಜೀಕುವ ಉಯ್ಯಾಲೆಗಳಿವೆ. 2017ರಲ್ಲಿ ಸೇರಿಸಿದ ಜಲೋದ್ಯಾನದಲ್ಲಿ ವಿದ್ಯುತ್ತಿನ ಬದಲು ಒತ್ತಿಟ್ಟ ಗಾಳಿಯಿಂದ ಓಡುವ, ನೀರಲ್ಲಿ ನೆನೆದರೂ ಕೆಡದ ಕುರ್ಚಿಗಳಿವೆ. ಅಂಗವಿಕಲರಿಗೆ ಪ್ರವೇಶ ಉಚಿತ. ಆದರೆ ಅದು ಅಂಗವಿಕಲರಿಗಷ್ಟೇ ಮೀಸಲಾದ ಉದ್ಯಾನವಲ್ಲ. ಬರುವವರಲ್ಲಿ ಹೆಚ್ಚಿನವರು ಅಂಗವಿಕಲರಲ್ಲದವರೇ. ಅಕ್ಕ ತಮ್ಮ ಒಂದೇ ಉಯ್ಯಾಲೆಯ ಸಾಲಿನಲ್ಲಿ ಆಡಬೇಕೆಂಬುದೇ ಅದರ ಉದ್ದೇಶ.

ಹಾಕಿಂಗ್ ಬಂದಾಗ

ಅಮೆರಿಕದ ಹಣ, ಅಮೆರಿಕದ ಜಾಗ ನಮಗೆಲ್ಲಿ ಎಂದು ಕೇಳಬಹುದು. ನಮ್ಮಲ್ಲೇ ನಡೆದ ಸಂಗತಿಗಳು ಉತ್ತರ ಹೇಳುತ್ತವೆ. 2001ರ ಜನವರಿಯಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಅಲ್ಲಿಯ ಸ್ಮಾರಕಗಳನ್ನು ನೋಡಲು ಬಯಸಿದರು. ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಹೋರಾಟಗಾರ ಜಾವೇದ್ ಆಬಿದಿ ಪಟ್ಟುಹಿಡಿದ ಮೇಲೆ, ಪುರಾತತ್ವ ಸರ್ವೇಕ್ಷಣ ಇಲಾಖೆ ಕುತುಬ್ ಮಿನಾರ್, ಕೆಂಪುಕೋಟೆ, ಹುಮಾಯೂನ್ ಸಮಾಧಿ, ಜಂತರ್ ಮಂತರ್‌ಗಳಲ್ಲಿ ಮರದ ಇಳಿಜಾರುಗಳನ್ನು ಹಾಕಿತು. ಶತಮಾನಗಳಿಂದ ಆಗದಿದ್ದುದು ಕೆಲವೇ ದಿನಗಳಲ್ಲಿ ಆಯಿತು. ಕಲ್ಲಿಗೆ ಒಂದು ಮೊಳೆಯನ್ನೂ ಹೊಡೆಯದೆ ಸ್ಮಾರಕದ ಬಾಗಿಲು ತೆರೆಯಬಹುದೆಂಬುದು ಅಂದು ಸಾಬೀತಾಯಿತು. ಆದರೆ ಜಗತ್ಪ್ರಸಿದ್ಧ ವಿಜ್ಞಾನಿಗೆ ಹಾಕಿದ ಹಲಗೆ ಹಳ್ಳಿಯ ಹುಡುಗಿಗೂ ಸಿಗಬೇಕಲ್ಲವೇ?

ಈ ಪ್ರಶ್ನೆ ಹದಿನಾರಿಗೆ ದೂರದ್ದಲ್ಲ. ನೆರೆಯ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ 1258ರ ಕೇಶವ ದೇವಾಲಯವಿದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ್ದು. ಬೇಲೂರು, ಹಳೆಬೀಡುಗಳ ಜೊತೆ 2023ರ ಸೆಪ್ಟೆಂಬರ್‌ನಲ್ಲಿ ಇದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೊಯ್ಸಳ ಶಿಲ್ಪಿಯ ಯೋಜನೆಯಂತೆ ಎತ್ತರದ ಜಗತಿಯನ್ನು ಹತ್ತಿ, ಗುಡಿಯ ಸುತ್ತ ನಡೆಯುತ್ತ, ಗೋಡೆಯ ಸಾಲು ಶಿಲ್ಪಗಳನ್ನು ಕಣ್ಣಳತೆಯಲ್ಲಿ ಓದಬೇಕು. ಜಗತಿ ಹತ್ತದವರಿಗೆ ಆ ಕಥೆಯೆಲ್ಲ ದೂರದ ನೋಟ. ಕಲ್ಲನ್ನು ಮುಟ್ಟದೆ, ಬೇಕಾದಾಗ ತೆಗೆಯುವಂಥ ಇಳಿಜಾರಿನಿಂದ ಮೇಲಕ್ಕೆ ಹೋಗಲು ಸಾಧ್ಯವೆಂಬುದಕ್ಕೆ ದೆಹಲಿಯ ಉದಾಹರಣೆಯೇ ಸಾಕ್ಷಿ.

ಬೆಂಗಳೂರಿನಲ್ಲಿ ಅಂಗವಿಕಲ ಮಕ್ಕಳ ಪೋಷಕರು ಕೂಡಿ ಕಟ್ಟಿದ ‘ಕಿಲಿಕಿಲಿ’ ಸಂಸ್ಥೆ ಕೋಲ್ಸ್ ಪಾರ್ಕ್‌ನಲ್ಲಿ ಎಲ್ಲ ಮಕ್ಕಳೂ ಕೂಡಿ ಆಡುವ ಆಟದ ತಾಣಕ್ಕೆ ಕಾರಣವಾಯಿತು. ಚೆನ್ನೈನ ಮರೀನಾ ಕಡಲತೀರದಲ್ಲಿ 2022ರ ನವೆಂಬರ್‌ನಲ್ಲಿ ಮರಳ ಮೇಲೆ 263 ಮೀಟರ್ ಉದ್ದದ ಮರದ ಹಾದಿ ಹಾಸಿದರು. ಎಷ್ಟೋ ವರ್ಷಗಳಿಂದ ಅದೇ ಊರಿನಲ್ಲಿದ್ದರೂ ಅಲೆಯ ಹತ್ತಿರ ಹೋಗದಿದ್ದವರು ಅಂದು ನೀರಿನ ಸಮೀಪಕ್ಕೆ ಹೋದರು. ಮುಂದಿನ ತಿಂಗಳೇ ಮಾಂಡೌಸ್ ಚಂಡಮಾರುತ ಅದರ ಒಂದು ಭಾಗವನ್ನು ಮುರಿಯಿತು. ಮತ್ತೆ ದುರಸ್ತಿಯೂ ಆಯಿತು. ತಲಕಾಡಿನ ಮರಳನ್ನು ಕಂಡವರಿಗೆ ಆ ಹಾದಿಯ ಬೆಲೆ ತಾನಾಗಿ ಅರ್ಥವಾದೀತು.

ಕಾಯ್ದೆಯ ಮಾತು, ಅಳತೆಯ ಮಾತು

ಅಂಗವಿಕಲರ ಹಕ್ಕಿನ ಮೊದಲ ಸಮಗ್ರ ಕಾಯ್ದೆ ಭಾರತದಲ್ಲಿ ಬಂದದ್ದು 1995ರಲ್ಲಿ. ಅದರ ಜಾಗದಲ್ಲಿ 2016ರ ಡಿಸೆಂಬರ್‌ನಲ್ಲಿ ಅಂಗೀಕಾರವಾದ ಹೊಸ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ವೈಕಲ್ಯಗಳ ಪಟ್ಟಿ 7ರಿಂದ 21ಕ್ಕೆ ಏರಿತು. ಇದಕ್ಕಿಂತ ದೊಡ್ಡ ಬದಲಾವಣೆ ‘ಸಾರ್ವಜನಿಕ ಕಟ್ಟಡ’ ಎಂಬ ಮಾತಿನ ಅರ್ಥದಲ್ಲಿದೆ. ಸರ್ಕಾರದ್ದಿರಲಿ, ಖಾಸಗಿಯದಿರಲಿ, ಜನ ಬಂದುಹೋಗುವ ಕಟ್ಟಡವೆಲ್ಲ ಅದರೊಳಗೆ ಸೇರಿತು. ಧಾರ್ಮಿಕ, ಸಾಂಸ್ಕೃತಿಕ, ಮನರಂಜನೆಯ ಸ್ಥಳಗಳನ್ನೂ ಕಾಯ್ದೆ ಹೆಸರಿಸಿದೆ. ಟಿಕೆಟ್ ಕೊಟ್ಟು ಒಳಹೋಗುವ ಮೋಜಿನ ಉದ್ಯಾನವೂ ಈ ಲೆಕ್ಕಕ್ಕೆ ಬರುತ್ತದೆ. ಕಾಯ್ದೆ ಮುರಿದರೆ ಮೊದಲ ಸಲ 10 ಸಾವಿರ ರೂಪಾಯಿವರೆಗೆ, ಮತ್ತೆ ಮುರಿದರೆ 50 ಸಾವಿರದಿಂದ 5 ಲಕ್ಷದವರೆಗೆ ದಂಡವಿದೆ.

ಆದರೂ ಅಳತೆಗಳು ‘ಮಾರ್ಗಸೂಚಿ’ಯಾಗಿಯೇ ಉಳಿದರೆ ಪಾಲಿಸದವರಿಗೆ ನೆಪ ಸಿಗುತ್ತದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ಇದನ್ನೇ ಎತ್ತಿ ಹೇಳಿತು. ಕಾಯ್ದೆ ಕಡ್ಡಾಯ ಎಂದದ್ದನ್ನು ನಿಯಮಗಳು ಬರೀ ಸಲಹೆಯಾಗಿಸುವಂತಿಲ್ಲ, ಚೌಕಾಸಿಗೆ ಅವಕಾಶವಿಲ್ಲದ ಕನಿಷ್ಠ ಮಾನದಂಡಗಳನ್ನು ರೂಪಿಸಬೇಕು ಎಂದು ಕೇಂದ್ರಕ್ಕೆ ಮೂರು ತಿಂಗಳ ಗಡುವು ನೀಡಿತು.

ಈ ಮಾನದಂಡಗಳು ಅಷ್ಟೇನೂ ಜಟಿಲವಲ್ಲ. ಇಳಿಜಾರಿನ ಸೂತ್ರ ಒಂದಕ್ಕೆ ಹನ್ನೆರಡು: ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಆರು ಅಂಗುಲದ ಒಂದೇ ಮೆಟ್ಟಿಲಿದ್ದರೆ ಆರು ಅಡಿಯ ಇಳಿಜಾರು ಸಾಕು; ನಾಲ್ಕು ಮೆಟ್ಟಿಲಿಗೆ ಇಪ್ಪತ್ತನಾಲ್ಕು ಅಡಿ ಬೇಕು. ಕಾಟಾಚಾರಕ್ಕೆಂದು ಮೆಟ್ಟಿಲ ಮೇಲೆ ಸಿಮೆಂಟು ಸುರಿದು ಮಾಡುವ ಕಡಿದಾದ ಇಳಿಜಾರು ಹತ್ತಲೂ ಬಾರದು, ಇಳಿಯುವಾಗ ಪ್ರಾಣಕ್ಕೂ ಸಂಚಕಾರ. ಬಾಗಿಲು 900 ಮಿ.ಮೀ. ಅಗಲವಿರಬೇಕು. ಶೌಚಾಲಯದೊಳಗೆ ಕುರ್ಚಿ ಸುತ್ತಲು ಸುಮಾರು ಐದು ಅಡಿ ಜಾಗ, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಬೇಕು. ಈ ಕೊನೆಯದು ಸಣ್ಣ ಮಾತಲ್ಲ. ಶೌಚಾಲಯದ ಭರವಸೆಯಿಲ್ಲದೆ ಬೆಳಗಿನಿಂದ ನೀರು ಕುಡಿಯದೆ ದಿನ ಕಳೆಯುವ ಹೆಣ್ಣುಮಕ್ಕಳಿಗೆ ಯಾವ ಕಾರಂಜಿಯೂ ಸಂತೋಷ ಕೊಡಲಾರದು.

‘ನಾಲ್ಕು ಜನ ಸೇರಿ ಎತ್ತಿಬಿಟ್ಟರಾಯಿತು’ ಎಂಬುದು ನಮ್ಮಲ್ಲಿ ಎಲ್ಲೆಡೆ ಕೇಳಿಬರುವ ಮಾತು. ಅದರಲ್ಲಿ ಸಹೃದಯತೆಯಿದೆ, ಅನುಮಾನವಿಲ್ಲ. ಆದರೆ ಬ್ಯಾಟರಿ ಕುರ್ಚಿಯ ಭಾರವನ್ನು ಎತ್ತಲಾಗದು. ಎತ್ತುವಾಗ ಒಬ್ಬರ ಕೈ ಜಾರಿದರೆ ಪೆಟ್ಟು ಕುಳಿತವರಿಗೆ. ಎಲ್ಲಕ್ಕಿಂತ ಮಿಗಿಲಾಗಿ, ಮೈಮುಟ್ಟಿ ಎತ್ತಲು ಅಪರಿಚಿತರಿಗೆ ದಿನಕ್ಕೆ ಹತ್ತು ಸಲ ಒಪ್ಪಿಗೆ ಕೊಡಬೇಕಾದವರ ಮುಜುಗರವನ್ನು ಎತ್ತುವವರು ಅಳೆಯಲಾರರು. ಇಳಿಜಾರು ಒಮ್ಮೆ ಕಟ್ಟಿದರೆ ಯಾರ ದಯೆಯೂ ಬೇಕಿಲ್ಲ. ಮೊಣಕಾಲು ನೋವಿನ ಅಜ್ಜಿ, ಕಂಕುಳಲ್ಲಿ ಕೂಸು ಹೊತ್ತ ತಾಯಿ, ಸಾಮಾನು ಎಳೆಯುವ ಅಂಗಡಿಯವ ಎಲ್ಲರೂ ಅದನ್ನೇ ಬಳಸುತ್ತಾರೆ.

ಪ್ರವಾಸ ಶುರುವಾಗುವುದು ಉದ್ಯಾನದ ಗೇಟಿನಲ್ಲಲ್ಲ, ಊರಿನ ಬಸ್‌ ನಿಲ್ದಾಣದಲ್ಲಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹದಿನಾರಿನ ಅಮ್ಮನಿಗೆ ಮೈಸೂರಿನವರೆಗೆ ಟಿಕೆಟ್ಟಿಲ್ಲ. ಅಂಗವಿಕಲರಿಗೆ ಸಾರಿಗೆ ನಿಗಮ ಕೊಡುವ ರಿಯಾಯಿತಿ ಪಾಸು ಊರಿನಿಂದ 100 ಕಿ.ಮೀ.ವರೆಗೆ ನಡೆಯುತ್ತದೆ, ನಂಜನಗೂಡು, ನರಸೀಪುರ, ಮೈಸೂರು, ಕನ್ನಂಬಾಡಿ ಎಲ್ಲವೂ ಆ ಅಳತೆಯೊಳಗೇ ಇವೆ. ಹಣದ ತಡೆ ಹೀಗೆ ಬಹುಮಟ್ಟಿಗೆ ಸರಿದಿದೆ. ಉಳಿದಿರುವುದು ಹಳ್ಳಿಯ ಬಸ್ಸಿನ ಬಾಗಿಲಲ್ಲಿರುವ ಕಡಿದಾದ ಮೆಟ್ಟಿಲುಗಳು. ತಾಯಿ ಮಗಳಿಬ್ಬರ ಪ್ರಯಾಣಕ್ಕೂ ಸರ್ಕಾರ ದಾರಿ ಮಾಡಿಕೊಟ್ಟಿದೆ, ಕುರ್ಚಿಯೊಂದಕ್ಕೆ ಮಾತ್ರ ಇನ್ನೂ ದಾರಿಯಾಗಿಲ್ಲ.